ಉಪ್ಪಿನ ಹುಳ, ಸಪ್ಪೆ ಹುಳ

ಶನಿವಾರ, 10 ಮೇ 2025
ಪ್ಲೇನೋ, ಟೆಕ್ಸಸ್

ಮೀನು ಹಿಡಿಯೋಕೆ ಗಾಳಕ್ಕೆ ಸಿಕ್ಕಿಸುವ ಹತ್ತು ರಬ್ಬರ್ ಹುಳಕ್ಕೆ ಎಂಟು ಡಾಲರಾ ಅಂತ ಭಾವ ಹೋದ ವಾರದಿಂದ ಗೊಣಗುತ್ತಲೇ ಇದ್ದರು. ಅವರದ್ದೂ ತಪ್ಪಲ್ಲ. ದೊಡ್ಡ ಅಂಗಡಿಯ ಸ್ವಂತ ಹೆಸರಿನ ಪ್ಯಾಕೆಟ್ಟು ಅದರ ಅರ್ಧ ಬೆಲೆಗೆ ಸಿಗುತ್ತೆ. ಅದೇ ಐದಿಂಚು, ಅದೇ ಗ್ರೀನ್ ಪಂಪ್ಕಿನ್ ಬಣ್ಣ. ಪಕ್ಕಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ಮೀನಿಗಿರಲಿ, ನನಗೇ ತಿಳಿಯೋದಿಲ್ಲ. ಇವತ್ತು ಎರಡನ್ನೂ ಲೇಕ್ ಫೋರ್ಕ್ ಕೆರೆಗೆ ಒಯ್ದು ಪಂಚಾಯ್ತಿ ಮಾಡಿಕೊಂಡು ಬಂದೆವು.

ಗಾಳಕ್ಕೆ ಎರೆಹುಳ ಬಿಟ್ಟು ಬೇರೆ ಗೊತ್ತಿಲ್ಲದವರಿಗೆ ಒಂದು ಮಾತು. ರಬ್ಬರ್ ಅಂದರೂ ಇದು ರಬ್ಬರ್ ಅಲ್ಲ. ಪಿವಿಸಿ ಪುಡಿಯನ್ನು ಎಣ್ಣೆಯಂಥ ಪ್ಲಾಸ್ಟಿಸೈಜರ್‌ನಲ್ಲಿ ಕಲಸಿ, ಸುಮಾರು 175 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅಚ್ಚಿಗೆ ಹೊಯ್ದು ಮಾಡುತ್ತಾರೆ. 1949ರಲ್ಲಿ ಓಹಾಯೋದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಶುರುಮಾಡಿದ ಕಸುಬು. ಆಮೇಲೆ ಆತನ ಕಂಪನಿ ಇಲ್ಲೇ ಟೈಲರ್‌ಗೆ ಬಂತು, ಲೇಕ್ ಫೋರ್ಕ್‌ಗೆ ಅದೇನೂ ದೂರವಿಲ್ಲ. ಪ್ಲಾಸ್ಟಿಸೈಜರ್ ಹೆಚ್ಚಾದಷ್ಟೂ ಹುಳ ಮೆತ್ತಗೆ. ಜೊತೆಗೆ ಉಪ್ಪು ಬೆರೆಸಿದರೆ ಭಾರ. ದುಬಾರಿ ಹುಳಕ್ಕೂ ಅಗ್ಗದ ಹುಳಕ್ಕೂ ಇರುವ ವ್ಯತ್ಯಾಸ ಬಹುಪಾಲು ಇಷ್ಟೇ. ನಮ್ಮ ಎಂಟು ಡಾಲರಿನ ಹುಳ, ಅಂದರೆ ಗ್ಯಾರಿ ಯಮಮೊಟೊ ಅವರ ಸೆಂಕೊ, ಹೆಸರು ಮಾಡಿದ್ದೂ ಈ ಉಪ್ಪಿನಿಂದಲೇ.

ನಿನ್ನೆ ರಾತ್ರಿ ಬಾತ್‌ಟಬ್ ತುಂಬಿಸಿ ಎರಡನ್ನೂ ಒಟ್ಟಿಗೆ ಬಿಟ್ಟು ನೋಡಿದ್ದೆ. ಉಪ್ಪಿನದ್ದು ಅಡ್ಡಡ್ಡ ಮಲಗಿಕೊಂಡೇ ಇಳಿಯಿತು, ಇಳಿಯುತ್ತ ಎರಡು ತುದಿಯೂ ಸಣ್ಣಗೆ ನಡುಗುತ್ತಿದ್ದವು. ಅಗ್ಗದ್ದು ಸೀಮೆಸುಣ್ಣದ ಕಡ್ಡಿಯ ಹಾಗೆ ಸೆಟೆದುಕೊಂಡು, ಒಂದು ಕಡೆ ವಾಲಿ, ತಡವಾಗಿ ತಳ ಮುಟ್ಟಿತು. ಬ್ಲೇಡಿನಲ್ಲಿ ಕೊಯ್ದು ನೋಡಿದೆ. ಸೆಂಕೊ ಒಳಗೆ ಉಪ್ಪಿನ ಹರಳು ಒತ್ತಾಗಿ ಮಿನುಗುತ್ತಿವೆ. ಇನ್ನೊಂದರಲ್ಲಿ ಹುಡುಕಬೇಕು. ಸಿಂಕಿನ ಹತ್ತಿರ ಬ್ಲೇಡು, ಹುಳ ಎಲ್ಲ ಹರಡಿಕೊಂಡದ್ದನ್ನು ನೋಡಿ ಅಕ್ಕ ಬೈದದ್ದು ಬೇರೆ ವಿಷಯ.

ಬೆಳಿಗ್ಗೆ ಮೊದಲು ದೋಣಿಕಟ್ಟೆಗಳ ನೆರಳಿಗೆ ಹಾಕಿದೆವು. ಅಲ್ಲಿ ವ್ಯಾಕಿ ರಿಗ್ ಅನ್ನೋ ಜೋಡಣೆ: ಹುಳದ ನಡುವಿಗೆ ಗಾಳ, ಸೀಸ ಇಲ್ಲ. ಎಸೆದು ಗಾಳದ ಕಡ್ಡಿ ಆಡಿಸದೆ ಸುಮ್ಮನೆ ಕಾಯುವುದು. ಹುಳ ತನ್ನ ಭಾರಕ್ಕೆ ತಾನೇ ಇಳಿಯಬೇಕು, ಬಾಸ್ ಮೀನು ಕಚ್ಚುವುದೂ ಇಳಿಯುವಾಗಲೇ. ಜಗ್ಗುವುದು ಕೈಗೆ ಗೊತ್ತಾಗೋದಿಲ್ಲ. ನೇರ ಇಳಿಯುತ್ತಿದ್ದ ದಾರ ಒಂದೇ ಸಲ ಪಕ್ಕಕ್ಕೆ ನಡೆಯತೊಡಗುತ್ತೆ, ಅಷ್ಟೇ ಸುಳಿವು. ಇಲ್ಲಿ ಸೆಂಕೊಗೆ ಮೀನು ಬಂತು, ಅಗ್ಗದ್ದಕ್ಕೆ ಬರಲಿಲ್ಲ. ಕಡ್ಡಿ ಬದಲಾಯಿಸಿಕೊಂಡೂ ನೋಡಿದೆವು, ಮೀನು ಉಪ್ಪಿನ ಕಡೆಗೇ. ಒಂದೇ ಬೆಳಗಿನ ಲೆಕ್ಕ ಅನ್ನಿ, ಆದರೆ ಟಬ್‌ನಲ್ಲಿ ಕಂಡದ್ದಕ್ಕೂ ಇದಕ್ಕೂ ತಾಳೆಯಾಗುತ್ತೆ.

ಭಾವನ ಕಡ್ಡಿಗೆ ಬಂದದ್ದು ಹತ್ತೊಂಬತ್ತು ಇಂಚಿನದು. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನೊಳಗಿನ ಬಾಸ್ ಇಟ್ಟುಕೊಳ್ಳುವ ಹಾಗಿಲ್ಲ. ಅಳೆದು, ಫೋಟೊ ತೆಗೆದು, ನೀರಿಗೆ ಬಿಟ್ಟೆವು.

"ಹಿಡಿದದ್ದನ್ನ ಬಿಡೋಕೆ ಎಂಟು ಡಾಲರಿನ ಹುಳ ಬೇರೆ ಕೇಡು ಕಣೋ ನಿಂಗೆ!"

"ಬಿಟ್ಟವರು ನೀವಲ್ವಾ ಭಾವ," ಅಂದೆ.

ಒಂಬತ್ತರ ಹೊತ್ತಿಗೆ ಗಾಳಿ ಎದ್ದಿತು. ಮುಳುಗಿದ ಒಣಮರಗಳ ಕಡೆಗೆ ಹೋಗಿ ಟೆಕ್ಸಸ್ ರಿಗ್ ಕಟ್ಟಿದೆವು: ಮುಂದೆ ಐದು ಗ್ರಾಂ ಟಂಗ್‌ಸ್ಟನ್ ಗುಂಡು, ಗಾಳದ ಮೊನೆ ಹುಳದ ಮೈಯೊಳಗೆ ಅಡಗಿರುವುದರಿಂದ ಕೊಂಬೆಗೆ ಸಿಕ್ಕೋದಿಲ್ಲ. ಇಲ್ಲಿ ಭಾವನ ವಾದವೇ ಗೆದ್ದಿತು. ಗುಂಡೇ ತಲೆ ಹಿಡಿದು ಕೆಳಗೆಳೆಯುವಾಗ ಹುಳದೊಳಗೆ ಉಪ್ಪು ಎಷ್ಟಿದ್ದರೇನು? ಎರಡಕ್ಕೂ ಮೀನು ಕಚ್ಚಿತು. ಮೇಲಾಗಿ ಗಟ್ಟಿ ಪ್ಲಾಸ್ಟಿಕ್ಕು ಬಾಳಿಕೆ ಬರುತ್ತೆ. ಉಪ್ಪು ಹೆಚ್ಚಿದ ಮೆತ್ತನೆಯ ಹುಳ, ಯಾರೇ ಮಾಡಿರಲಿ, ಎರಡು ಮೀನಿಗೆ ಮೂಗು ಹರಿದುಕೊಳ್ಳುತ್ತೆ. ಬ್ಲೂಗಿಲ್ ಮೀನಿನ ಮರಿಗಳು ಬಾಲ ಕಚ್ಚಿ ಹೋದರಂತೂ ಮುಗಿಯಿತು.

ಹಾಗಾಗಿ ಇನ್ನು ಮೇಲೆ ಸೀಸ ಕಟ್ಟದೆ ಬಿಡುವುದಕ್ಕೆ ಮಾತ್ರ ದುಬಾರಿಯದ್ದು. ಗುಂಡಿನ ಹಿಂದೆ ಹೋಗುವುದಕ್ಕೆ ಇಪ್ಪತ್ತು ಹುಳದ ಅಗ್ಗದ ಪ್ಯಾಕೆಟ್ಟು. ಉಳಿದ ದುಡ್ಡಿಗೆ ಒಳ್ಳೆಯ ಗಾಳ ಕೊಳ್ಳಬಹುದು, ಮೊಂಡಾದ ಗಾಳಕ್ಕೆ ಎಂಥ ಹುಳ ಸಿಕ್ಕಿಸಿದರೂ ವ್ಯರ್ಥ. ವ್ಯಾಕಿಗೆ ಹುಳದ ನಡುವಿಗೆ ಒಂದು ರಬ್ಬರ್ ಓ-ರಿಂಗ್ ಏರಿಸಿ ಅದರಡಿ ಗಾಳ ಸಿಕ್ಕಿಸಿದರೆ, ಬೇಗ ಹರಿಯುವ ಹುಳವೂ ಎಷ್ಟೋ ಹೊತ್ತು ಉಳಿಯುತ್ತೆ. ಕೆಲವು ಸೆಂಟ್‌ಗಳ ಸಾಮಾನು ಅದು.

ಝಡ್-ಮ್ಯಾನ್ ಕಂಪನಿಯವರ ಎಲಾಜ್‌ಟೆಕ್ ಅನ್ನೋ ಪ್ಲಾಸ್ಟಿಕ್ಕಿನ ಹುಳಗಳದು ಬೇರೆಯೇ ಜಾತಿ. ಎಳೆದರೆ ಮೊಳದುದ್ದ ಹಿಗ್ಗುತ್ತವೆ, ಸುಲಭಕ್ಕೆ ಹರಿಯೋದಿಲ್ಲ. ಆದರೆ ತೇಲುವ ಗುಣದವು, ಸೀಸವಿಲ್ಲದೆ ಇಳಿಯಬೇಕಾದ ಕೆಲಸಕ್ಕೆ ಒಗ್ಗುವುದಿಲ್ಲ. ಪಿವಿಸಿ ಹುಳಗಳ ಜೊತೆ ಒಂದೇ ಡಬ್ಬಿಯಲ್ಲಿಟ್ಟರೆ ಕರಗಿ ಅಂಟಾಗುತ್ತವೆ, ಅದಕ್ಕೇ ಬಂದ ಪ್ಯಾಕೆಟ್ಟಿನಲ್ಲೇ ಬಿಟ್ಟಿದ್ದೇನೆ.

ಹರಿದವನ್ನೆಲ್ಲ ಚೀಲದಲ್ಲಿ ಕಟ್ಟಿ ಮನೆಗೆ ತಂದೆ. ಮೂಗು ಹೋದ ಸೆಂಕೊವನ್ನು ಅರ್ಧಕ್ಕೆ ಕತ್ತರಿಸಿ ಅಣಬೆ ತಲೆಯ ಜಿಗ್‌ಗೆ, ಅಂದರೆ ತಲೆಯಲ್ಲೇ ಭಾರವಿರುವ ಗಾಳಕ್ಕೆ, ಏರಿಸಿದರೆ ನೆಡ್ ರಿಗ್ ಅನ್ನೋ ಇನ್ನೊಂದು ಜೋಡಣೆ ಆಗುತ್ತೆ. ಅದಕ್ಕೂ ಬಾರದ ತುಂಡುಗಳು ಕಸಕ್ಕೆ, ಕೆರೆಗಲ್ಲ. ಮೀನು ನುಂಗಿದರೆ ಹೊಟ್ಟೆಯಲ್ಲಿ ಉಬ್ಬಿಕೊಂಡು ಕೂರುತ್ತವೆ. 2013ರಲ್ಲಿ ಮೇನ್ ರಾಜ್ಯದಲ್ಲಿ ಇವನ್ನು ನಿಷೇಧಿಸುವ ಮಸೂದೆಯೇ ಬಂದಿತ್ತು. ಇವತ್ತು ದೋಣಿ ಇಳಿಸುವ ಕಡೆ ಬಿದ್ದಿದ್ದ ಬಣ್ಣಬಣ್ಣದ ತುಂಡುಗಳನ್ನು ನೋಡಿದರೆ ಆ ಮಸೂದೆ ತಂದವರನ್ನು ಬೈಯೋಕೆ ಮನಸ್ಸು ಬರೋದಿಲ್ಲ.