ಎಣ್ಣೆಯಿಲ್ಲದ ಕುರುಕಲಿನ ಹುಡುಕಾಟ: ಒಂಬತ್ತು ವಾರಗಳ ಟಿಪ್ಪಣಿ

ಮೊದಲ ವಾರ

ಹಾಲು, ಮೊಟ್ಟೆ, ಮಾಂಸ ಬಿಟ್ಟು ಒಂದು ವರ್ಷವಾಯಿತು. ಅಡುಗೆಗೆ ಎಣ್ಣೆ ಹಾಕುವುದನ್ನು ನಿಲ್ಲಿಸಿ ನಾಲ್ಕು ತಿಂಗಳಾಯಿತು. ಮನೆಯ ಊಟಕ್ಕೆ ತೊಂದರೆಯಿಲ್ಲ; ಈರುಳ್ಳಿಯನ್ನು ಆಗಾಗ ನೀರು ಚಿಮುಕಿಸಿ ಬಾಡಿಸುವುದು ಕೈಗೆ ಹತ್ತಿದೆ. ಸಂಜೆ ನಾಲ್ಕೂವರೆಯ ಹಸಿವಿಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಕಚೇರಿಯಲ್ಲಿ ಆ ಹೊತ್ತಿಗೆ ಬೇಕಾಗುವುದು ಪೊಟ್ಟಣ ಒಡೆದು ಹಾಗೆಯೇ ಬಾಯಿಗೆ ಹಾಕಿಕೊಳ್ಳಬಹುದಾದ, ಕುರುಂ ಎನ್ನುವ ಏನಾದರೂ ಒಂದು.

ಆದ್ದರಿಂದ ಒಂದು ನೋಟ್‌ಬುಕ್ ತೆಗೆದಿಟ್ಟುಕೊಂಡು ಹುಡುಕಾಟ ಆರಂಭಿಸಿದ್ದೇನೆ. ನಿಯಮಗಳು ಮೂರು. ಪ್ರಾಣಿಮೂಲದ ಯಾವುದೂ ಇರಬಾರದು. ಹೊರಗಿನಿಂದ ಸೇರಿಸಿದ ಎಣ್ಣೆ ಇರಬಾರದು. ಬೇಯಿಸುವ, ಬಿಸಿ ಮಾಡುವ ಕೆಲಸ ಇರಬಾರದು. ಕಾಳು, ಬೀಜಗಳ ಒಳಗೇ ಇರುವ ಕೊಬ್ಬಿನ ಬಗ್ಗೆ ನನ್ನ ತಕರಾರಿಲ್ಲ.

ಎಣ್ಣೆ ಏಕೆ ಬೇಡ ಎಂದು ಹಲವರು ಕೇಳುತ್ತಾರೆ. ಒಂದು ಗ್ರಾಂ ಎಣ್ಣೆಯಲ್ಲಿ 9 ಕಿಲೋಕ್ಯಾಲರಿ. ಒಂದು ದೊಡ್ಡ ಚಮಚದಲ್ಲಿ ಸುಮಾರು 120. ನಾರಿಲ್ಲ, ನೀರಿಲ್ಲ, ಹೊಟ್ಟೆ ತುಂಬಿದ ಅನುಭವವೂ ಇಲ್ಲ. ಬೇಯಿಸಿದ ಆಲೂಗಡ್ಡೆ 100 ಗ್ರಾಂ ತಿಂದರೆ 90 ಕಿಲೋಕ್ಯಾಲರಿಯೂ ಆಗುವುದಿಲ್ಲ. ಅದೇ ಗಡ್ಡೆ ಚಿಪ್ಸ್ ಆದಾಗ ಅಷ್ಟೇ ತೂಕಕ್ಕೆ 500 ದಾಟುತ್ತದೆ. ಕರಿಯುವಾಗ ಗಡ್ಡೆಯೊಳಗಿನ ನೀರು ಆವಿಯಾಗಿ ಹೊರಟುಹೋಗುತ್ತದೆ. ಬಾಣಲೆಯಿಂದ ತೆಗೆದ ಮೇಲೆ, ತಣ್ಣಗಾಗುವ ಹೊತ್ತಿನಲ್ಲಿ, ಮೇಲ್ಮೈಗೆ ಅಂಟಿದ ಎಣ್ಣೆ ಆ ಖಾಲಿ ರಂಧ್ರಗಳಿಗೆ ಇಳಿಯುತ್ತದೆ. ಎಲ್ಲರೂ ಎಣ್ಣೆ ಬಿಡಬೇಕೆಂದು ನಾನು ಹೇಳುತ್ತಿಲ್ಲ, ವೈದ್ಯರಲ್ಲೂ ಈ ವಿಷಯಕ್ಕೆ ಒಮ್ಮತವಿಲ್ಲ. ನನ್ನ ದೇಹಕ್ಕೆ ಇದು ಒಗ್ಗಿದೆ, ಅಷ್ಟು ಸಾಕು.

ಎರಡನೇ ವಾರ

ಮೂವತ್ತೊಂದು ಪೊಟ್ಟಣಗಳನ್ನು ನೋಡಿದೆ. ಉತ್ತೀರ್ಣವಾದವು ನಾಲ್ಕು.

ಪೊಟ್ಟಣದ ಮುಂಭಾಗವನ್ನು ನಂಬುವುದನ್ನು ಈ ವಾರ ಬಿಟ್ಟೆ. ‘ಬೇಕ್ ಮಾಡಿದ್ದು’, ‘ಕರಿದಿಲ್ಲ’, ‘ಹುರಿದದ್ದು’ ಎಂಬ ಮಾತುಗಳು ಸುಳ್ಳಲ್ಲ. ಆದರೆ ಅವು ಬೇಯಿಸಿದ ಬಗೆಯನ್ನು ಹೇಳುತ್ತವೆಯೇ ಹೊರತು ಎಣ್ಣೆ ಇಲ್ಲವೆಂದು ಹೇಳುವುದಿಲ್ಲ. ಬೇಕ್ ಮಾಡಿದ ಚಿಪ್ಸ್ ಒಂದರ ಬೆನ್ನು ತಿರುಗಿಸಿದರೆ ಪಟ್ಟಿಯ ಮೂರನೆಯ ಪದಾರ್ಥವೇ ಸೂರ್ಯಕಾಂತಿ ಎಣ್ಣೆ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯುತ್ತಾರೆ. ಮೂರನೆಯ ಸ್ಥಾನವೆಂದರೆ ಸಣ್ಣ ಪಾಲಲ್ಲ.

ಬೇಕ್ ಮಾಡಿದ್ದಕ್ಕೆ ಎಣ್ಣೆ ಏಕೆ ಬೇಕು? ಮಸಾಲೆ ಅಂಟಲು. ಒಣ ಚಿಪ್ಸ್ ಮೇಲೆ ಒಣ ಪುಡಿ ಉದುರಿಸಿದರೆ ಅದು ಪೊಟ್ಟಣದ ತಳ ಸೇರುತ್ತದೆ. ಹಾಗಾಗಿ ಒಲೆಯಿಂದ ಬಂದದ್ದನ್ನು ತಿರುಗುವ ಪೀಪಾಯಿಗೆ ಹಾಕಿ, ಎಣ್ಣೆ ಸಿಂಪಡಿಸಿ, ಆಮೇಲೆ ಪುಡಿ ಉದುರಿಸುತ್ತಾರೆ. ಇದು ತಿಳಿದ ಮೇಲೆ ಹುಡುಕಾಟ ಸುಲಭವಾಯಿತು. ಹೊರಮೈಯಲ್ಲಿ ಮಸಾಲೆ ಕಂಡರೆ ಮೊದಲು ಎಣ್ಣೆಯನ್ನೇ ಹುಡುಕುತ್ತೇನೆ.

‘ಶೂನ್ಯ ಕೊಬ್ಬು’ ಎಂಬುದಕ್ಕೂ ಒಂದು ಅಳತೆ ಇದೆ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ 100 ಗ್ರಾಂಗೆ 0.5 ಗ್ರಾಂ ಮೀರದಿದ್ದರೆ ಕೊಬ್ಬುರಹಿತ ಎನ್ನಬಹುದು. ಅಮೆರಿಕದಲ್ಲಿ ಲೆಕ್ಕ ಒಂದು ಬಾರಿ ತಿನ್ನುವ ಪ್ರಮಾಣಕ್ಕೆ, ಅದು 0.5 ಗ್ರಾಂಗಿಂತ ಕಡಿಮೆಯಿದ್ದರೆ ಸೊನ್ನೆ ಎಂದೇ ಬರೆಯುತ್ತಾರೆ. ಬಾಣಲೆಗೆ ಸಿಂಪಡಿಸುವ ಎಣ್ಣೆಯ ಡಬ್ಬಿಯಲ್ಲಿ ಇರುವುದು ಎಣ್ಣೆಯೇ, ಆದರೂ ಅಲ್ಲಿ ಅದರ ಮೇಲೆ ಸೊನ್ನೆ ಬರೆಯಬಹುದು, ಒಂದು ಬಾರಿಯ ಪ್ರಮಾಣವನ್ನು ಅಷ್ಟು ಚಿಕ್ಕದಾಗಿ ತೋರಿಸಿರುತ್ತಾರೆ. ಈ ವಿಷಯ ಓದಿದ ದಿನ ನನಗೆ ನಿಜವಾಗಿಯೂ ಕೋಪ ಬಂತು.

ಮೂರನೇ ವಾರ

ಎಣ್ಣೆಯ ಬೇರೆ ಬೇರೆ ಹೆಸರುಗಳನ್ನು ಬರೆದುಕೊಂಡೆ. ಪಾಮೋಲೀನ್, ಖಾದ್ಯ ಸಸ್ಯಜನ್ಯ ಕೊಬ್ಬು, ಶಾರ್ಟನಿಂಗ್, ಮಾರ್ಗರಿನ್, ಹೈಡ್ರೋಜನೀಕೃತ ಕೊಬ್ಬು. ಇವೆಲ್ಲ ಒಂದೇ ಮನೆತನದವು. ಎಣ್ಣೆ, ನೀರು ಬೆರೆಯಲೆಂದು ಹಾಕುವ ಸೋಯಾ ಅಥವಾ ಸೂರ್ಯಕಾಂತಿಯ ಲೆಸಿಥಿನ್ ಕಂಡರೆ ಪೊಟ್ಟಣವನ್ನು ತಿರಸ್ಕರಿಸುವುದಿಲ್ಲ. ಅದು ತೀರಾ ಅಲ್ಪ. ಆಹಾರಕ್ಕೆ ಸೇರಿಸುವ ಪದಾರ್ಥಗಳಿಗೆ ಕೊಡುವ ‘ಇ’ ಸಂಖ್ಯೆಗಳಲ್ಲಿ ಇ471 ಕಂಡರೆ ಮಾತ್ರ ಎರಡು ಕಾರಣಕ್ಕೆ ನಿಲ್ಲುತ್ತೇನೆ: ಅದು ಕೊಬ್ಬಿನಿಂದಲೇ ಮಾಡಿದ್ದು, ಮತ್ತು ಆ ಕೊಬ್ಬು ಸಸ್ಯದ್ದೋ ಪ್ರಾಣಿಯದ್ದೋ ಎಂಬುದನ್ನು ಸಂಖ್ಯೆ ಹೇಳುವುದಿಲ್ಲ.

ಹಾಲಿನ ಅಂಶವಂತೂ ಎಣಿಸದ ಕಡೆಗಳಲ್ಲೆಲ್ಲ ಸಿಕ್ಕಿತು. ಟೊಮೆಟೊ ರುಚಿಯ ಪುಡಿಯಲ್ಲಿ ಹಾಲಿನ ಪುಡಿ, ಈರುಳ್ಳಿ ರುಚಿಯಲ್ಲಿ ವೇ, ಅಂದರೆ ಹಾಲು ಒಡೆದಾಗ ಉಳಿಯುವ ನೀರಿನ ಅಂಶ. ಹೊಳಪಿಗೆ ಹಚ್ಚುವ ಇ904 ಅರಗು, ಕೆಂಪು ಬಣ್ಣದ ಇ120. ಇವೆರಡೂ ಕೀಟದಿಂದ ಬರುವಂಥವು. ‘ಹಾಲಿನ ಅಂಶ ಇರಬಹುದು’ ಎಂಬ ಎಚ್ಚರಿಕೆ ಬೇರೆಯ ಮಾತು. ಅದು ಅದೇ ಯಂತ್ರದಲ್ಲಿ ಹಾಲಿನ ತಿನಿಸೂ ತಯಾರಾಗುತ್ತದೆ ಎಂದು ಅಲರ್ಜಿ ಇರುವವರಿಗೆ ಹೇಳುವುದು. ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಐದನೇ ವಾರ

ಇಡೀ ಹುಡುಕಾಟದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ವಾರ ಹೊಳೆದ ಒಂದು ಲೆಕ್ಕ.

ಎರಡು ಹುರಿದ ಕಡಲೆಯ ಪೊಟ್ಟಣಗಳು ಮೇಜಿನ ಮೇಲಿದ್ದವು. ಎರಡರ ಮುಂಭಾಗದಲ್ಲೂ ‘ಹುರಿದ ಕಡಲೆ’ ಎಂದೇ ಇತ್ತು. ಕೊಬ್ಬಿನ ಸಾಲು ನೋಡಿದರೆ ಒಂದರಲ್ಲಿ 100 ಗ್ರಾಂಗೆ 6.1 ಗ್ರಾಂ, ಇನ್ನೊಂದರಲ್ಲಿ 14. ಮೊದಲು ನಾನು ಆರು ಗ್ರಾಂ ಕೂಡ ಎಣ್ಣೆಯೇ ಎಂದುಕೊಂಡೆ. ಆಮೇಲೆ ಒಣ ಕಡಲೆಯ ಕೊಬ್ಬನ್ನು ನೋಡಿದೆ: ಅದೇ ಸುಮಾರು 6 ಗ್ರಾಂ. ಅಂದರೆ ಮೊದಲನೆಯದರಲ್ಲಿ ಇದ್ದದ್ದು ಕಡಲೆಯದೇ ಕೊಬ್ಬು. ಎರಡನೆಯದರಲ್ಲಿ ಹೆಚ್ಚಿದ್ದ ಎಂಟು ಗ್ರಾಂ ಹೊರಗಿನಿಂದ ಬಂದದ್ದು. ಪದಾರ್ಥಗಳ ಪಟ್ಟಿ ಓದಿದೆ, ಹೌದು, ಕೊನೆಯ ಸಾಲಿನ ಮಡಿಕೆಯಲ್ಲಿ ಎಣ್ಣೆ ಕುಳಿತಿತ್ತು.

ಈಗ ನೋಟ್‌ಬುಕ್ಕಿನ ಒಳಹೊದಿಕೆಯ ಮೇಲೆ ಒಂದು ಪುಟ್ಟ ಕೋಷ್ಟಕವಿದೆ. 100 ಗ್ರಾಂ ಅಕ್ಕಿಯಲ್ಲಿ ಒಂದು ಗ್ರಾಂ ಆಸುಪಾಸು (ಪಾಲಿಶ್ ಮಾಡದ್ದಾದರೆ ಮೂರರ ಹತ್ತಿರ), ಜೋಳದ ಒಣ ಕಾಳಿನಲ್ಲಿ ನಾಲ್ಕು, ಓಟ್ಸ್‌ನಲ್ಲಿ ಏಳು, ಬಾದಾಮಿಯಲ್ಲಿ ಐವತ್ತು. ಮೂಲ ಕಾಳಿನ ಅಂಕಿಗೂ ಪೊಟ್ಟಣದ ಅಂಕಿಗೂ ಅಂತರ ಕಂಡರೆ ಅಲ್ಲಿ ಏನೋ ಸೇರಿದೆ. ಒಂದು ಓಟ್ಸ್ ಬಿಲ್ಲೆಗೆ 18 ಗ್ರಾಂ ಕೊಬ್ಬು ಎಂದಿದ್ದರೆ ಪಟ್ಟಿಯಲ್ಲಿ ಬೀಜಗಳಿವೆಯೇ ನೋಡಬೇಕು; ಬೀಜಗಳಿಲ್ಲದಿದ್ದರೆ ಎಣ್ಣೆ ಇದ್ದೇ ಇರುತ್ತದೆ. ಕೊಬ್ಬಿನ ಅಂಕಿಯೊಂದನ್ನೇ ನೋಡಿದರೆ ಒಳ್ಳೆಯ ಬಾದಾಮಿಯನ್ನು ಅನ್ಯಾಯವಾಗಿ ತಳ್ಳಿಬಿಡುತ್ತೇವೆ. ಪಟ್ಟಿಯನ್ನಷ್ಟೇ ನೋಡಿದರೆ ಎಷ್ಟು ಸೇರಿದೆ ಎಂಬುದು ಗೊತ್ತಾಗುವುದಿಲ್ಲ. ಎರಡನ್ನೂ ಜೊತೆಗಿಟ್ಟು ಓದಬೇಕು.

ಆರನೇ ವಾರ

ಒಣಹಣ್ಣು ಸುರಕ್ಷಿತ ಎಂದುಕೊಂಡಿದ್ದೆ. ಒಣದ್ರಾಕ್ಷಿಯ ಪೊಟ್ಟಣ ಬಿಚ್ಚಿದಾಗ ಮಗಳು ಒಂದನ್ನು ಬೆಳಕಿಗೆ ಹಿಡಿದು, “ಅಮ್ಮಾ, ಇದು ಇಷ್ಟೇಕೆ ಹೊಳೆಯುತ್ತಿದೆ?” ಎಂದಳು. ಬಿಳಿ ಕಾಗದದ ಮೇಲೆ ಹತ್ತು ದ್ರಾಕ್ಷಿಗಳನ್ನು ಸಾಲಾಗಿಟ್ಟು, ಮೇಲೊಂದು ಕಾಗದ ಮುಚ್ಚಿ, ಅಂಗೈಯಿಂದ ಒತ್ತಿದೆವು. ಹತ್ತು ಒದ್ದೆ ಕಲೆಗಳು. ಕಾಗದವನ್ನು ಫ್ಯಾನಿನ ಕೆಳಗೆ ಒಣಗಲು ಬಿಟ್ಟೆವು. ಬೆಳಗಾಗುವಷ್ಟರಲ್ಲಿ ತೇವ ಆರಿತ್ತು, ಆದರೆ ಕಿಟಕಿಗೆ ಹಿಡಿದಾಗ ಹತ್ತೂ ಜಾಗಗಳಲ್ಲಿ ಬೆಳಕು ತೂರಿ ಬರುತ್ತಿತ್ತು. ನೀರಿನ ಕಲೆ ಆರುತ್ತದೆ, ಎಣ್ಣೆಯ ಕಲೆ ಆರುವುದಿಲ್ಲ. ಅದು ನಾರುಗಳ ನಡುವಿನ ಗಾಳಿಯ ಜಾಗವನ್ನು ತುಂಬಿ ಕಾಗದವನ್ನು ಅರೆಪಾರದರ್ಶಕ ಮಾಡುತ್ತದೆ. ಒಂದಕ್ಕೊಂದು ಅಂಟಬಾರದೆಂದು ಒಣದ್ರಾಕ್ಷಿಗೆ, ಕ್ರ್ಯಾನ್‌ಬೆರಿಗೆ ತೆಳುವಾಗಿ ಸೂರ್ಯಕಾಂತಿ ಎಣ್ಣೆ ಸವರುವ ರೂಢಿಯಿದೆ. ಎಲ್ಲರೂ ಸವರುವುದಿಲ್ಲ, ಆದ್ದರಿಂದ ಪಟ್ಟಿಯಲ್ಲಿ ‘ಒಣದ್ರಾಕ್ಷಿ’ ಎಂಬ ಒಂದೇ ಪದವಿರುವ ಪೊಟ್ಟಣವನ್ನು ಹುಡುಕಿಕೊಂಡೆ. ಅದರ ಕಾಗದ ಬೆಳಗ್ಗೆ ಸ್ವಚ್ಛವಾಗಿತ್ತು. ಬೀಜಗಳಿಗೆ ಈ ಪರೀಕ್ಷೆ ನಡೆಯದು, ಅವುಗಳ ಸ್ವಂತ ಎಣ್ಣೆಯೇ ಕಲೆ ಮಾಡುತ್ತದೆ.

ಹಣ್ಣು, ತರಕಾರಿಗಳ ಗರಿಗರಿ ಚೂರುಗಳಲ್ಲಿ ಎರಡು ಜಾತಿ. ನೋಡಲು ಎರಡೂ ಒಂದೇ. ಮೊದಲನೆಯವು ನಿರ್ವಾತದಲ್ಲಿ ಕರಿದವು: ಒತ್ತಡ ಕಡಿಮೆಯಿರುವುದರಿಂದ ನೀರು ಕಡಿಮೆ ಶಾಖದಲ್ಲೇ ಕುದಿದು ಹೋಗುತ್ತದೆ, ಬಣ್ಣ ಕೆಡುವುದಿಲ್ಲ, ಕರಿದಂತೆಯೇ ಕಾಣುವುದಿಲ್ಲ. ನನಗೆ ಸಿಕ್ಕಿದ್ದರಲ್ಲಿ ಕೊಬ್ಬು 20 ಗ್ರಾಂ ದಾಟಿತ್ತು. ಎರಡನೆಯವು ಹೆಪ್ಪುಗಟ್ಟಿಸಿ ಒಣಗಿಸಿದವು. ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುತ್ತದೆ, ಎಣ್ಣೆಯ ಕೆಲಸವೇ ಇಲ್ಲ. ಇವು ನಾಲಿಗೆಯ ಮೇಲೆ ಕರಗುತ್ತವೆ. ಪೊಟ್ಟಣ ಒಡೆದ ಮೇಲೆ ಬೇಗ ಮುಗಿಸಬೇಕು, ಗಾಳಿಯ ತೇವಕ್ಕೆ ಮೆತ್ತಗಾಗುತ್ತವೆ.

ಏಳನೇ ವಾರ

ಹೊಸದೇನೂ ಸಿಗಲಿಲ್ಲ. ಮಸಾಲೆ ಹಚ್ಚಿದ ಕಡಲಪಾಚಿಯ ಹಾಳೆಗಳಿಗೆ ಎಳ್ಳೆಣ್ಣೆ ಸವರಿರುತ್ತಾರೆ. ಬರಿಯ ಹಾಳೆಗಳಲ್ಲಿ ಇರುವುದಿಲ್ಲ.

ಎಂಟನೇ ವಾರ

ಮಸಾಲೆಯೂ ಇದ್ದು ಎಣ್ಣೆಯೂ ಇಲ್ಲದ್ದು ಕೊನೆಗೂ ಸಿಕ್ಕಿತು! ಒಣಹುರಿದ ಕಡಲೆಕಾಯಿ ಬೀಜ. ಪಟ್ಟಿಯಲ್ಲಿ ಬೀಜ, ಉಪ್ಪು, ಪಿಷ್ಟ, ಮೆಣಸಿನ ಪುಡಿ, ಗಮ್ ಅರೇಬಿಕ್. ಆ ಕೊನೆಯದು ಅಕೇಶಿಯ ಜಾತಿಯ ಮರದ ಅಂಟು. ಎಣ್ಣೆಯ ಬದಲು ಅಂಟು ಮತ್ತು ಪಿಷ್ಟದ ತೆಳುವಾದ ನೀರಿನಲ್ಲಿ ಬೀಜವನ್ನು ಹೊರಳಿಸಿ, ಪುಡಿ ಹಿಡಿಸಿ, ಒಣ ಶಾಖದಲ್ಲಿ ಹುರಿಯುವ ವಿಧಾನವಿದು. ಅಂದರೆ ಮಸಾಲೆ ಅಂಟಿಸಲು ಎಣ್ಣೆಯೇ ಬೇಕೆಂದೇನೂ ಇಲ್ಲ. ಬೇರೆ ತಯಾರಕರೂ ಹೀಗೆ ಮಾಡಲಿ ಎಂದು ಮನಸಾರೆ ಹಾರೈಸುತ್ತೇನೆ. ಹದಿನೈದು ದಿನಗಳಿಂದ ಸಪ್ಪೆ ತಿಂದು ಬೇಸತ್ತ ನಾಲಿಗೆಗೆ ಆ ಖಾರ ಹಬ್ಬದಂತಾಯಿತು. ಕೊಬ್ಬು ಬೀಜದ್ದೇ ಆದರೂ ಅರ್ಧದಷ್ಟಿದೆ, ಒಂದು ಮುಷ್ಟಿಗೆ ನಿಲ್ಲಿಸುತ್ತೇನೆ.

ಪಾಪ್‌ಕಾರ್ನ್ ವಿಷಯದಲ್ಲಿ ಮಾತ್ರ ನಿರಾಸೆ. ಕಾಳಿನೊಳಗೆ ಸುಮಾರು ಶೇ. 14ರಷ್ಟು ನೀರಿದೆ, 180 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಆವಿಯ ಒತ್ತಡಕ್ಕೆ ಸಿಪ್ಪೆ ಸಿಡಿಯುತ್ತದೆ. ಅರಳಲು ಎಣ್ಣೆ ಬೇಕಿಲ್ಲ, ಬಿಸಿ ಗಾಳಿ ಸಾಕು. ಆದರೂ ನಾನು ನೋಡಿದ ಒಂಬತ್ತು ಪೊಟ್ಟಣಗಳಲ್ಲಿ ಎಂಟರಲ್ಲಿ ಎಣ್ಣೆಯಿತ್ತು. ಒಂಬತ್ತನೆಯದು ಉಪ್ಪೂ ಇಲ್ಲದ್ದು, ಅದನ್ನೇ ತಂದಿದ್ದೇನೆ.

ಒಂಬತ್ತನೇ ವಾರ

ಕಚೇರಿಯ ಮೇಜಿನ ಖಾನೆಯಲ್ಲಿ ಈಗ ಇರುವುದು: 6.1 ಗ್ರಾಂನ ಆ ಹುರಿದ ಕಡಲೆ, ಅಕ್ಕಿಯ ಉಬ್ಬು ಬಿಲ್ಲೆಗಳು, ಖರ್ಜೂರ, ಒಂದೇ ಪದದ ಒಣದ್ರಾಕ್ಷಿ, ಅಂಟಿನ ಕಡಲೆಕಾಯಿ ಬೀಜ. ಒಟ್ಟು ಎಂಬತ್ನಾಲ್ಕು ಪೊಟ್ಟಣಗಳನ್ನು ನೋಡಿದ್ದೇನೆ, ಹನ್ನೊಂದು ಉತ್ತೀರ್ಣವಾಗಿವೆ.

ಅಕ್ಕಿ ಬಿಲ್ಲೆಯ ಬಗ್ಗೆ ಒಂದು ಅನುಮಾನ ಉಳಿದಿತ್ತು. ಕಾದ ಅಚ್ಚಿನಲ್ಲಿ ಅಕ್ಕಿಯನ್ನು ಒತ್ತಿ ಹಿಡಿದು ಒಮ್ಮೆಲೇ ಬಿಟ್ಟಾಗ ಅದು ಉಬ್ಬಿ ಒಂದಕ್ಕೊಂದು ಬೆಸೆದುಕೊಳ್ಳುತ್ತದೆ. ಹಾಗಾದರೆ ಬಿಲ್ಲೆ ಅಚ್ಚಿಗೆ ಅಂಟದಂತೆ ಎಣ್ಣೆ ಸವರುತ್ತಾರೆಯೇ? ಅಂಥ ಸಂಸ್ಕರಣಾ ಸಹಾಯಕಗಳನ್ನು ಪಟ್ಟಿಯಲ್ಲಿ ಬರೆಯಬೇಕೆಂಬ ಕಡ್ಡಾಯ ಸಾಮಾನ್ಯವಾಗಿ ಇರುವುದಿಲ್ಲ, ಆದ್ದರಿಂದ ಪೊಟ್ಟಣದ ಮೇಲಿನ ವಿಳಾಸಕ್ಕೇ ಬರೆದು ಕೇಳಿದೆ. ಆರನೆಯ ದಿನ ಉತ್ತರ ಬಂತು: ಅಚ್ಚಿಗೆ ಏನನ್ನೂ ಹಚ್ಚುವುದಿಲ್ಲ, ಅಕ್ಕಿ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಪತ್ರವನ್ನು ನೋಟ್‌ಬುಕ್ಕಿಗೆ ಅಂಟಿಸಿದ್ದೇನೆ. ಇದೇ ಪ್ರಶ್ನೆಯನ್ನು ಓಟ್ಸ್ ಬಿಲ್ಲೆ ಮಾಡುವವರಿಗೂ ನಿನ್ನೆ ಕಳಿಸಿದೆ.