ನಾಲ್ಕು ಬಾಗಿಲಿನ ಮಾಲಿಬು

ಅಮೆರಿಕದ ಡೆಟ್ರಾಯಿಟ್ ಪಕ್ಕದ ವುಡ್‌ವರ್ಡ್ ರಸ್ತೆಯಲ್ಲಿ ಪ್ರತಿ ಆಗಸ್ಟ್‌ನ ಮೂರನೇ ಶನಿವಾರ ಹಳೇ ಕಾರುಗಳ ಜಾತ್ರೆ. ಶುರುವಾಗಿದ್ದು 1995ರಲ್ಲಿ. ಒಂದು ವರ್ಷ ಪಕ್ಕದ ಮನೆ ತಾತ ನನ್ನನ್ನೂ ಕರೆದುಕೊಂಡು ಹೋದರು.

ಅವರದ್ದು 1972ರ ಶೆವರ್ಲೆ ಶೆವೆಲ್ ಮಾಲಿಬು, ಅಂದರೆ ಶೆವರ್ಲೆ ಕಂಪನಿಯ ಶೆವೆಲ್ ಕಾರಿನಲ್ಲಿ ಮಾಲಿಬು ಅನ್ನೋ ಬಗೆ. ನಾಲ್ಕು ಬಾಗಿಲಿನದು. ಅವರಪ್ಪ ಹೊಸದಾಗಿ ಕೊಂಡಿದ್ದಂತೆ. ತಾತ ಆಕ್ಸಿಲರೇಟರ್ ಒಮ್ಮೆ ಪೂರ್ತಿ ಒತ್ತಿ ಬಿಟ್ಟರು. ಹಾಗೆ ಒತ್ತಿದರೇನೇ ಕಾರ್ಬ್ಯುರೇಟರ್‌ನ ಚೋಕ್, ಅಂದರೆ ತಣ್ಣಗಿರುವ ಎಂಜಿನ್‌ಗೆ ಗಾಳಿ ಕಡಿಮೆ ಮಾಡುವ ಮುಚ್ಚಳ, ಮುಚ್ಚಿಕೊಳ್ಳೋದು. ಆಮೇಲೆ ಕೀ ತಿರುಗಿಸಿದರು. ಶೆಡ್ ತುಂಬಾ ಪೆಟ್ರೋಲ್ ವಾಸನೆ. ಮುಂದಿನ ಸೀಟು ಸೋಫಾದ ಹಾಗೆ ಉದ್ದಕ್ಕೂ ಒಂದೇ. ಗೇರು ಆಟೋಮ್ಯಾಟಿಕ್, ಅದೂ ಎರಡೇ ಎರಡು.

ದಾರಿಯಲ್ಲಿ ಕೇಳಿದೆ, "ಎಷ್ಟು ಹಾರ್ಸ್‌ಪವರ್?"

"130. ಹಿಂದಿನ ವರ್ಷ ಇದೇ 5 ಲೀಟರ್ ಎಂಜಿನ್‌ಗೆ 200 ಅಂತಿದ್ದರು" ಎಂದರು.

ಎಂಜಿನ್ ಸೊರಗಿದ್ದಲ್ಲ, ಅಳೆಯುವ ರೀತಿ ಬದಲಾಗಿತ್ತು. ಮೊದಲು ಬರೀ ಎಂಜಿನ್ ಇಟ್ಟು ಅಳೆಯುತ್ತಿದ್ದರು. 1972ರಿಂದ ಏರ್ ಫಿಲ್ಟರ್, ಸೈಲೆನ್ಸರ್ ಎಲ್ಲಾ ಜೋಡಿಸಿ, ಕಾರಿನಲ್ಲಿ ಇರುವ ಹಾಗೇ ಇಟ್ಟು ಅಳೆದ ಲೆಕ್ಕ ಕೊಡತೊಡಗಿದರು. ನನಗಂತೂ ಈ 130ರ ಮೇಲೇ ಜಾಸ್ತಿ ಗೌರವ.

ಶೆವೆಲ್ ಬಂದಿದ್ದು 1964ರ ಮಾಡೆಲ್ ಆಗಿ. ಅದೇ ಕಂಪನಿಯ ದೊಡ್ಡ ಕಾರು ಇಂಪಾಲಾಗೂ ಪುಟ್ಟ ಕಾರು ಶೆವಿ ಟೂಗೂ ನಡುವಿನ ಅಳತೆ. 1977ಕ್ಕೆ ಆ ಹೆಸರು ನಿಂತಿತು. ಮರುವರ್ಷದಿಂದ ಮಾಲಿಬು ಅನ್ನೋದೇ ಕಾರಿನ ಹೆಸರಾಯಿತು.

ವುಡ್‌ವರ್ಡ್‌ನಲ್ಲಿ ಜನ ಮುತ್ತಿಕೊಂಡಿದ್ದು 1970ರ ಎರಡು ಬಾಗಿಲಿನ ಶೆವೆಲ್ ಎಸ್‌ಎಸ್ 454 ಅನ್ನೋ ಹೆಚ್ಚು ಶಕ್ತಿಯ ಮಾದರಿಯ ಸುತ್ತ. 7.4 ಲೀಟರ್ ಎಂಜಿನ್. ಆ ಎಂಜಿನ್‌ನ ಎಲ್‌ಎಸ್6 ಅನ್ನೋ ಬಗೆಗೆ 450 ಹಾರ್ಸ್‌ಪವರ್ ಅಂತ ಕಂಪನಿಯೇ ಹೇಳುತ್ತಿತ್ತು. ಶೆವೆಲ್ ಅಂದರೆ ಎಲ್ಲರ ಬಾಯಲ್ಲೂ ಅದೇ. ಆದರೆ ಕೆಲಸಕ್ಕೆ, ಸಂತೆಗೆ, ಮಕ್ಕಳನ್ನು ಶಾಲೆಗೆ ಬಿಡೋಕೆ ಓಡಾಡಿದ್ದು ತಾತನ ಕಾರಿನಂಥವು ಅಲ್ವಾ? ಎರಡು ಬಾಗಿಲಿನ ಕಾರು ರಿಪೇರಿ ಮಾಡೋಕೆ ಎಷ್ಟೋ ನಾಲ್ಕು ಬಾಗಿಲಿನವನ್ನು ಬಿಡಿಭಾಗಕ್ಕಾಗಿ ಬಿಚ್ಚಿಬಿಟ್ಟಿದ್ದಾರೆ. ಆ ವಿಷಯ ಕೇಳಿದಾಗ ನಿಜಕ್ಕೂ ಹೊಟ್ಟೆ ಉರಿಯಿತು.

ನಮ್ಮ ಕಾರಿನ ಹತ್ತಿರ ಬಂದವರು ಕಡಿಮೆ. ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬರು ಬಂದು ಹಿಂದಿನ ಬಂಪರ್ ಮುಂದೆ ನಿಂತರು. ಬಂಪರ್ ಒಳಗೇ ಕೂರಿಸಿದ ದುಂಡು ದೀಪಗಳು, ಆ ಕಡೆ ಎರಡು, ಈ ಕಡೆ ಎರಡು.

"ನಮ್ಮ ಮನೇಲೂ ಇದೇ ಇತ್ತು. ಹಸಿರು ಬಣ್ಣದ್ದು. ಹಿಂದೆ ಕೂರಲಾ?"

ತಾತ ಬಾಗಿಲು ತೆರೆದರು. ಆಕೆ ಎಡಗಡೆ ಕಿಟಕಿಗೆ ಅಂಟಿಕೊಂಡು ಕೂತರು. ಪಕ್ಕದಲ್ಲಿ ಇನ್ನಿಬ್ಬರಿಗೆ ಜಾಗ ಬಿಟ್ಟಿದ್ದರು.