ನೇಮಕಾತಿ ಮೆಮೋ ಓದೋ ಕೆಲಸ: ಪ್ರತಿ ಸಾಲಿಗೂ ‘ಇದನ್ನ ಹೇಳಿದ್ದು ಯಾರು’ ಅಂತ ಕೇಳೋದು

ನಾನಿರೋದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ, ಮಾಡೋದು ಆರ್ಕೈವ್ ರಿಸರ್ಚ್. ಹಿಸ್ಟರಿ ಪ್ರೊಫೆಸರ್‌ಗಳು, ಪುಸ್ತಕ ಬರೆಯೋರು, ಕೆಲವು ಸಲ ಲಾಯರ್‌ಗಳು ಇಂಥ ವಿಷಯದ ಸರ್ಕಾರಿ ಕಾಗದ ಬೇಕು ಅಂತಾರೆ, ನಾನು ಕಾಲೇಜ್ ಪಾರ್ಕ್‌ನಲ್ಲಿರೋ ನ್ಯಾಷನಲ್ ಆರ್ಕೈವ್ಸ್‌ಗೋ ಇಲ್ಲಾ ಬೇರೆ ಊರಿನ ಪ್ರೆಸಿಡೆನ್ಷಿಯಲ್ ಲೈಬ್ರರಿಗೋ (ಹಳೇ ಪ್ರೆಸಿಡೆಂಟ್ ಒಬ್ಬರ ಕಾಗದಪತ್ರ ಇಟ್ಟಿರೋ ಜಾಗ) ಹೋಗಿ ಡಬ್ಬ ತೆಗೆಸಿ, ಓದಿ, ನೋಟ್ಸ್ ಮಾಡಿ ಕಳಿಸ್ತೀನಿ. ಈಚೆಗೆ ನನ್ನ ಹತ್ರ ಬರೋದ್ರಲ್ಲಿ ಹೆಚ್ಚಿಂದು ಒಂದೇ ಥರದ ಕೆಲಸ. ಪ್ರೆಸಿಡೆಂಟ್ ಒಬ್ಬರನ್ನ ಸುಪ್ರೀಂ ಕೋರ್ಟ್ ಜಡ್ಜ್ ಮಾಡ್ಬೇಕು, ಅಟಾರ್ನಿ ಜನರಲ್ ಮಾಡ್ಬೇಕು ಅಂತ ಯೋಚನೆ ಮಾಡಿದಾಗ ಹೆಸರು ಹೊರಗೆ ಬೀಳೋಕೆ ಮುಂಚೆನೇ ಒಳಗಡೆ ಅವರ ಪೂರ್ವಾಪರ ಎಲ್ಲಾ ವಿಚಾರಿಸ್ತಾರಲ್ಲ, ವೆಟಿಂಗ್ ಅಂತೀವಲ್ಲ, ಆ ಸಮಯದಲ್ಲಿ ಆಫೀಸರ್‌ಗಳು ಒಬ್ಬರಿಗೊಬ್ಬರು ಬರ್ಕೊಂಡ ಮೆಮೋಗಳನ್ನ ಓದೋದು. ಈ ಕೆಲಸಕ್ಕೆ ಹೊಸಬರು ಬಂದಾಗ ನಾನು ಏನು ಹೇಳ್ತೀನೋ ಅದನ್ನೇ ಇಲ್ಲಿ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ.

ಮೊದಲು ಕಾಗದ ಎಲ್ಲಿಂದ ಹುಟ್ಟತ್ತೆ ಅನ್ನೋದು ಗೊತ್ತಿರ್ಬೇಕು. ವೈಟ್ ಹೌಸ್‌ನ ನೇಮಕಾತಿ ನೋಡ್ಕೊಳ್ಳೋ ಪರ್ಸನೆಲ್ ಆಫೀಸ್ ಹೆಸರು ಪಟ್ಟಿ ಮಾಡತ್ತೆ, ಕೌನ್ಸೆಲ್ ಆಫೀಸಿನ (ವೈಟ್ ಹೌಸ್‌ಗೆ ಕಾನೂನು ಸಲಹೆ ಕೊಡೋ ಕಚೇರಿ) ಲಾಯರ್‌ಗಳು ಅಭ್ಯರ್ಥಿನ ಪ್ರಶ್ನೆ ಕೇಳ್ತಾರೆ, ಜಡ್ಜ್ ಹುದ್ದೆ ಆದ್ರೆ ಜಸ್ಟಿಸ್ ಡಿಪಾರ್ಟ್‌ಮೆಂಟ್ ಅವರ ತೀರ್ಪು, ಭಾಷಣ, ಲೇಖನ ಎಲ್ಲಾ ಓದತ್ತೆ, ಎಫ್‌ಬಿಐನೋರು ಅಕ್ಕಪಕ್ಕದ ಮನೆಯೋರು ಹಳೇ ಸಹೋದ್ಯೋಗಿಗಳು ಎಲ್ಲರನ್ನೂ ಮಾತಾಡಿಸ್ತಾರೆ, ಆಸ್ತಿ ಸಾಲದ ವಿವರ ಎಥಿಕ್ಸ್ ಆಫೀಸಿಗೆ ಹೋಗತ್ತೆ, ಇದೆಲ್ಲಾ ಮುಗಿದ್ಮೇಲೆ ಸೆನೆಟ್ ಕಮಿಟಿ ಮತ್ತೆ ತನ್ನದೇ ಪ್ರಶ್ನಾವಳಿ ಕೊಡತ್ತೆ. ಒಂದೇ ಮನುಷ್ಯನ ಬಗ್ಗೆ ಇಷ್ಟು ಕಡೆ ಕಾಗದ ಆಗತ್ತೆ, ಆದ್ರೆ ಒಂದು ಆಫೀಸಿನೋರು ಬರೆದಿದ್ದು ಇನ್ನೊಂದು ಆಫೀಸಿನೋರ ಕೈಗೆ ಹೋಗೇ ಹೋಗತ್ತೆ ಅಂತ ಏನೂ ಇಲ್ಲ. ಅದಕ್ಕೇ ಒಂದು ಡಬ್ಬ ಓದಿ ಇಡೀ ಕಥೆ ಸಿಕ್ತು ಅಂತ ಯಾರೂ ಹೇಳ್ಬಾರದು.

ಇನ್ನು ಕಾನೂನು. 1978ರ ಪ್ರೆಸಿಡೆನ್ಷಿಯಲ್ ರೆಕಾರ್ಡ್ಸ್ ಆಕ್ಟ್ ಬಂದ್ಮೇಲೆ ಪ್ರೆಸಿಡೆಂಟ್‌ನ ಕಚೇರಿ ಕಾಗದ ದೇಶದ ಆಸ್ತಿ, ಪ್ರೆಸಿಡೆಂಟ್‌ದಲ್ಲ. 1981ರ ಜನವರಿಯಿಂದ ಜಾರಿ, ಹಾಗಾಗಿ ಅದರ ಅಡಿಯಲ್ಲಿ ಬಂದ ಮೊದಲ ಪ್ರೆಸಿಡೆಂಟ್ ರೇಗನ್. ಅಧಿಕಾರ ಬಿಟ್ಟು 5 ವರ್ಷ ಆದ್ಮೇಲೆ ಜನ ಅರ್ಜಿ ಹಾಕಿ ಕೇಳಬಹುದು, ಆದ್ರೆ ಆರು ಬಗೆ ಕಾಗದನ ಪ್ರೆಸಿಡೆಂಟ್ 12 ವರ್ಷದವರೆಗೂ ತಡೆಹಿಡಿಯಬಹುದು. ಅವಕ್ಕೆ ಪಿ1ರಿಂದ ಪಿ6 ಅಂತ ಕೋಡ್. ನಮ್ಮ ಕೆಲಸಕ್ಕೆ ಮುಖ್ಯ ಮೂರು. ಪಿ2 ಅಂದ್ರೆ ಫೆಡರಲ್ ಹುದ್ದೆಯ ನೇಮಕಕ್ಕೆ ಸಂಬಂಧಪಟ್ಟಿದ್ದು, ಪಿ5 ಅಂದ್ರೆ ಸಲಹೆಗಾರರ ಗುಟ್ಟಿನ ಸಲಹೆ, ಪಿ6 ಅಂದ್ರೆ ವ್ಯಕ್ತಿಯ ಖಾಸಗಿ ವಿಷಯ. 12 ವರ್ಷ ಕಳೆದ್ಮೇಲೆ ಪಿ2, ಪಿ5 ಬಿದ್ದು ಹೋಗತ್ತೆ, ಖಾಸಗಿತನದ ತಡೆ ಮಾತ್ರ ಬೇರೆ ಕಾನೂನಿನ ಅಡಿ ಮುಂದುವರಿಯತ್ತೆ. ರೇಗನ್ ಕಾಗದಕ್ಕೆ ಆ 12 ವರ್ಷ ಮುಗಿದಿದ್ದು 2001ರ ಜನವರಿಲಿ. ಅದೇ ವರ್ಷ ನವೆಂಬರ್‌ನಲ್ಲಿ ಜಾರ್ಜ್ ಡಬ್ಲ್ಯೂ. ಬುಷ್ ಒಂದು ಆದೇಶ ತಂದು ಹಳೇ ಪ್ರೆಸಿಡೆಂಟ್‌ಗಳಿಗೆ ತಡೆಯೋ ಅಧಿಕಾರ ಜಾಸ್ತಿ ಕೊಟ್ರು, ಒಬಾಮಾ ಅಧಿಕಾರಕ್ಕೆ ಬಂದ ಮಾರನೇ ದಿನ, 2009ರ ಜನವರಿ 21ಕ್ಕೆ, ಅದನ್ನ ರದ್ದು ಮಾಡಿದ್ರು.

ಫೋಲ್ಡರ್ ತೆಗೆದ್ರೆ ಮುಂದುಗಡೆನೇ ವಿತ್‌ಡ್ರಾವಲ್ ಶೀಟ್ ಇರತ್ತೆ. ಯಾವ ಕಾಗದ ತೆಗೆದಿಟ್ಟಿದಾರೆ, ಅದು ಮೆಮೋನೋ ಪತ್ರನೋ, ಯಾರಿಂದ ಯಾರಿಗೆ, ತಾರೀಖು, ಎಷ್ಟು ಪುಟ, ಯಾವ ಕೋಡ್ ಅಂತ ಸಾಲಾಗಿ ಬರೆದಿರ್ತಾರೆ. ಹೊಸಬರು ಇದನ್ನ ಸರ್ರನೆ ತಿರುವಿ ಒಳಗಿನ ಕಾಗದಕ್ಕೆ ಹೋಗ್ತಾರೆ, ನಾನು ಮೊದಲು ಈ ಶೀಟನ್ನೇ ಪೂರ್ತಿ ನಕಲು ಮಾಡ್ಕೋತೀನಿ. ಯಾಕಂದ್ರೆ ಒಂದೇ ವಾರದಲ್ಲಿ ಒಬ್ಬನ ಬಗ್ಗೆ ಕೌನ್ಸೆಲ್ ಆಫೀಸಿಗೆ ಸಾಲುಸಾಲು ಮೆಮೋ ಹೋಗಿದ್ರೆ, ಒಳಗೇನಿದೆ ಅಂತ ಗೊತ್ತಾಗದೇ ಇದ್ರೂ ಆ ವಾರ ಏನೋ ತಲೆನೋವು ಎದ್ದಿತ್ತು ಅನ್ನೋದು ಗೊತ್ತಾಗತ್ತೆ, ಮತ್ತೆ ಯಾವ ಕಾಗದಕ್ಕೆ ಮರುಪರಿಶೀಲನೆ ಅರ್ಜಿ ಹಾಕ್ಬೇಕು ಅನ್ನೋದೂ ಅಲ್ಲೇ ಸಿಗತ್ತೆ.

ಈಗ ನಾನು ಎಲ್ಲರಿಗೂ ಮೊದಲು ಓದೋಕೆ ಕೊಡೋ ಮೆಮೋ. 1981, ಜುಲೈ 7. ಬರೆದೋರು ಕೆನೆತ್ ಸ್ಟಾರ್, ಆಗ ಅಟಾರ್ನಿ ಜನರಲ್ ವಿಲಿಯಂ ಫ್ರೆಂಚ್ ಸ್ಮಿತ್ ಅವರ ಸಲಹೆಗಾರರು, ಮುಂದೆ ಕ್ಲಿಂಟನ್ ತನಿಖೆಯಿಂದ ಎಲ್ಲರಿಗೂ ಹೆಸರು ಗೊತ್ತಾಯ್ತಲ್ಲ ಅವರೇ. ವಿಷಯ ಸ್ಯಾಂಡ್ರಾ ಡೇ ಓಕಾನರ್, ಸುಪ್ರೀಂ ಕೋರ್ಟಿಗೆ ಮೊದಲ ಮಹಿಳಾ ಜಡ್ಜ್. ರೇಗನ್ ಪಕ್ಷದೊಳಗಿನ ಗರ್ಭಪಾತ ವಿರೋಧಿ ಗುಂಪಿಗೆ ಈಕೆ ಮೇಲೆ ಅನುಮಾನ, ಅರಿಜೋನಾದ ರಾಜ್ಯ ಶಾಸನಸಭೆಲಿ ಸೆನೆಟರ್ ಆಗಿದ್ದಾಗ ಹೇಗೆ ಓಟ್ ಹಾಕಿದ್ರು ಅಂತ. ಮೆಮೋ ಚಿಕ್ಕದು. ಜುಲೈ 6, ಸೋಮವಾರ, ಫೋನಿನಲ್ಲಿ ಎರಡು ಸಲ ಓಕಾನರ್ ಜೊತೆ ಮಾತಾಡ್ದೆ, ಅವರು ಈ ಮಾಹಿತಿ ಕೊಟ್ರು ಅಂತ ಶುರು ಆಗತ್ತೆ. ಆಮೇಲೆ ಒಂದೊಂದೇ ಮಸೂದೆ ಬರತ್ತೆ. 1970ರದ್ದು ಒಂದಿತ್ತು, ಗರ್ಭಪಾತದ ಮೇಲಿನ ನಿರ್ಬಂಧನೇ ತೆಗೆದುಹಾಕೋ ಮಸೂದೆ. ಅದರ ಬಗ್ಗೆ ಮೆಮೋ ಹೇಳೋದು, ಓಕಾನರ್ ಹೇಗೆ ಓಟ್ ಹಾಕಿದ್ರು ಅನ್ನೋದಕ್ಕೆ ದಾಖಲೆ ಇಲ್ಲ, ಅವರಿಗೂ ನೆನಪಿಲ್ಲ ಅಂದ್ರು, ಅಂತ.

ಇಲ್ಲಿ ನಿಲ್ಲಿಸಿ ನಾನು ಕೇಳ್ತೀನಿ, ‘ದಾಖಲೆ ಇಲ್ಲ ಅಂತ ಹೇಳಿದ್ದು ಯಾರು?’ ಒಂದು ಸಲ ನನ್ನ ಜೊತೆ ಕೆಲಸ ಕಲಿಯೋಕೆ ಬಂದಿದ್ದ ಮೈಸೂರಿನ ಹುಡುಗಿ ಥಟ್ ಅಂತ ಅಂದ್ಲು, ‘ಅಕ್ಕಾ, ಇದರಲ್ಲಿ ಇರೋದೆಲ್ಲಾ ಅವರೇ ಫೋನಲ್ಲಿ ಹೇಳಿದ್ದಲ್ವಾ, ಬೇರೆ ಯಾರನ್ನ ಕೇಳಿದ್ರು ಅಂತಾನೇ ಬರೆದಿಲ್ಲ.’ ಸರಿಯಾಗಿ ಹಿಡಿದ್ಲು. ಹುಡುಗನ ಬಗ್ಗೆ ವಿಚಾರಿಸ್ಕೊಂಡು ಬಾ ಅಂದ್ರೆ ಹುಡುಗನ್ನೇ ಕೇಳ್ಕೊಂಡು ಬಂದ ಹಾಗೆ. ಆ ಮಸೂದೆಗೆ ಅವರು ಕಮಿಟಿಲಿ ಪರವಾಗಿ ಓಟ್ ಹಾಕಿದ್ದು 1970ರಲ್ಲೇ ಅರಿಜೋನಾದ ಪೇಪರಿನಲ್ಲಿ ಬಂದಿತ್ತು. ಆಮೇಲೆ ಸೆಪ್ಟೆಂಬರ್‌ನಲ್ಲಿ ಸೆನೆಟ್ ವಿಚಾರಣೆ ನಡೆದಾಗ ಓಕಾನರ್ ಅವರೇ ಕಮಿಟಿಲಿ ಬೆಂಬಲಿಸಿದ್ದೆ ಅಂತ ಒಪ್ಕೊಂಡ್ರು, ಯಾಕೆ ಅಂತಲೂ ವಿವರಿಸಿದ್ರು. ಅಂದ್ರೆ ‘ದಾಖಲೆ ಇಲ್ಲ’ ಅನ್ನೋ ಆ ಸಾಲನ್ನ ‘ನಾವು ನೋಡಿದ ಕಡೆ ಸಿಗ್ಲಿಲ್ಲ’ ಅಂತ ಓದ್ಕೋಬೇಕು.

ಇನ್ನೊಂದು, ತಾರೀಖು. ರೇಗನ್ ಟಿವಿ ಮುಂದೆ ಬಂದು ಓಕಾನರ್ ಹೆಸರು ಘೋಷಿಸಿದ್ದು ಕೂಡ ಜುಲೈ 7ನೇ ತಾರೀಖೇ. ಹಿಂದಿನ ದಿನ, ಸ್ಟಾರ್ ಫೋನ್ ಮಾಡಿದ ಅದೇ ಜುಲೈ 6ಕ್ಕೆ, ಪ್ರೆಸಿಡೆಂಟೂ ಅವರಿಗೆ ಫೋನ್ ಮಾಡಿ ನೀವೇ ಅಂತ ಹೇಳಾಗಿತ್ತು. ಜೂನ್ ಕೊನೆಗೇ ಜಸ್ಟಿಸ್ ಡಿಪಾರ್ಟ್‌ಮೆಂಟಿನೋರು ಅರಿಜೋನಾಗೆ ಹೋಗಿ ಕೂತು ಮಾತಾಡಿ ಬಂದಿದ್ರು, ಜುಲೈ 1ಕ್ಕೆ ರೇಗನ್ ಭೇಟಿನೂ ಮುಗಿದಿತ್ತು. ಹಾಗಾಗಿ ಈ ಮೆಮೋ ನೋಡಿ ಯಾರೋ ತೀರ್ಮಾನ ತಗೊಂಡ್ರು ಅಂತ ಬರೆದ್ರೆ ತಪ್ಪಾಗತ್ತೆ, ತೀರ್ಮಾನ ಆಗಿತ್ತು, ಎದುರು ಬರೋ ಟೀಕೆಗೆ ಉತ್ತರ ಬೇಕಿತ್ತು, ಅದಕ್ಕೆ ಬರೆಸಿದ್ದು ಅಂತ ನನ್ನ ಓದು. ಸೆನೆಟ್‌ನಲ್ಲಿ 99–0 ಓಟಿಂದ ಅವರು ಗೆದ್ರು, ಒಳ್ಳೇ ಜಡ್ಜೂ ಆದ್ರು, ಅದು ಬೇರೆ ಮಾತು. ಕಾಗದ ಓದೋರಿಗೆ ಮುಖ್ಯ ಏನಂದ್ರೆ ಪ್ರತಿ ಮೆಮೋ ಪಕ್ಕದಲ್ಲಿ ಒಂದು ಕ್ಯಾಲೆಂಡರ್ ಇಟ್ಕೊಂಡಿರೋದು. ನಾನು ಎಕ್ಸೆಲ್‌ನಲ್ಲಿ ಒಂದು ಕಾಲಂ ಮೆಮೋ ತಾರೀಖಿಗೆ, ಪಕ್ಕದ್ದು ಆ ದಿನ ಹೊರಗೆ ಏನು ನಡೀತಿತ್ತು ಅನ್ನೋದಕ್ಕೆ ಇಟ್ಟಿದೀನಿ, ಬಹಳ ಸಲ ಅರ್ಥ ಆ ಎರಡನೇ ಕಾಲಂನಲ್ಲೇ ಸಿಗತ್ತೆ.

ಸರಿಯಾಗಿ ಹುಡುಕದೇ ಇದ್ರೆ ಏನಾಗತ್ತೆ ಅನ್ನೋದಕ್ಕೆ 1970ರ ಕಾರ್ಸ್‌ವೆಲ್ ಪ್ರಕರಣ ನೋಡ್ಬೇಕು. ಹೇನ್ಸ್‌ವರ್ತ್ ಅನ್ನೋರನ್ನ ಸೆನೆಟ್ 1969ರಲ್ಲಿ ತಿರಸ್ಕರಿಸಿದ ಮೇಲೆ ನಿಕ್ಸನ್ ಜಿ. ಹ್ಯಾರಲ್ಡ್ ಕಾರ್ಸ್‌ವೆಲ್ ಹೆಸರನ್ನ ಸುಪ್ರೀಂ ಕೋರ್ಟಿಗೆ ಕಳಿಸಿದ್ರು. ಈ ಮನುಷ್ಯ ಅಷ್ಟೊತ್ತಿಗಾಗ್ಲೇ ಮೂರು ಸಲ ಸೆನೆಟ್ ಒಪ್ಪಿಗೆ ಪಡೆದವರು, ಫೆಡರಲ್ ಪ್ರಾಸಿಕ್ಯೂಟರ್ ಆಗಿ, ಜಿಲ್ಲಾ ಮಟ್ಟದ ಫೆಡರಲ್ ಜಡ್ಜ್ ಆಗಿ, ಆಮೇಲೆ ಅಪೀಲು ಕೋರ್ಟಿಗೆ. ಅಂದ್ರೆ ಮೂರು ಸಲ ಪೂರ್ವಾಪರ ನೋಡಿದ್ದಾರೆ. ನಾಲ್ಕನೇ ಸಲ ಹೆಸರು ಘೋಷಣೆ ಆದ ಕೆಲವೇ ದಿನದಲ್ಲಿ ಒಬ್ಬ ಟಿವಿ ವರದಿಗಾರ ಜಾರ್ಜಿಯಾದ ಒಂದು ಸಣ್ಣ ಊರಿನ ಹಳೇ ಪೇಪರ್ ತೆಗೆದು ನೋಡ್ದ, 1948ರಲ್ಲಿ ರಾಜ್ಯದ ಶಾಸನಸಭೆ ಚುನಾವಣೆಗೆ ನಿಂತಾಗ ಬಿಳಿಯರೇ ಮೇಲು ಅನ್ನೋ ತತ್ವದಲ್ಲಿ ನನಗೆ ನಂಬಿಕೆ ಅಂತ ಕಾರ್ಸ್‌ವೆಲ್ ಮಾಡಿದ ಭಾಷಣ ಅಲ್ಲೇ ಅಚ್ಚಾಗಿತ್ತು. 1970ರ ಏಪ್ರಿಲ್ 8ಕ್ಕೆ ಸೆನೆಟ್ 51–45ರಿಂದ ತಿರಸ್ಕರಿಸ್ತು. ನನ್ನ ಅನಿಸಿಕೆ, ಒಂದು ಸಲ ಪಾಸಾದ ಮನುಷ್ಯನ ಫೈಲ್‌ನ ಮುಂದಿನೋರು ಹಳೇ ನಂಬಿಕೆ ಮೇಲೇ ದಾಟಿಸಿಬಿಡ್ತಾರೆ. ಅದಕ್ಕೇ ಮೆಮೋದಲ್ಲಿ ‘ಈ ಹಿಂದೆ ಪರಿಶೀಲನೆ ಆಗಿದೆ’ ಅಂತ ಕಂಡ್ರೆ ನಾನು ಆ ಹಿಂದಿನ ಫೈಲ್ ತೆಗೆಸಿ ನೋಡದೇ ಮುಂದೆ ಹೋಗಲ್ಲ.

1993ರ ಜೊಯಿ ಬೇರ್ಡ್ ವಿಷಯ ಇದಕ್ಕೆ ಉಲ್ಟಾ. ಕ್ಲಿಂಟನ್ ಅವರನ್ನ ಅಟಾರ್ನಿ ಜನರಲ್ ಮಾಡೋಕೆ ಹೊರಟಿದ್ರು. ಮನೆಗೆಲಸಕ್ಕೆ ದಾಖಲೆ ಇಲ್ಲದ ವಲಸಿಗರನ್ನ ಇಟ್ಕೊಂಡಿದ್ದು, ಅವರ ಸೋಷಿಯಲ್ ಸೆಕ್ಯುರಿಟಿ ತೆರಿಗೆ ಕಟ್ಟದೇ ಇದ್ದದ್ದು, ಇದನ್ನ ಆಕೆ ಮುಚ್ಚಿಡಲಿಲ್ಲ, ಕ್ಲಿಂಟನ್ ತಂಡಕ್ಕೆ ಮೊದಲೇ ಹೇಳಿದ್ರು. ತಂಡದೋರು ಇದೇನು ಮಹಾ ಅಂದ್ಕೊಂಡ್ರು. ಜನ ಹಾಗೆ ಅಂದ್ಕೊಳ್ಳಲಿಲ್ಲ, ಜನವರಿ 22ಕ್ಕೆ ಹೆಸರು ವಾಪಸ್ ಹೋಯ್ತು. ಇಂಥ ಕಡೆ ‘ಯಾರು ಹೇಳಿದ್ದು’ ಜೊತೆಗೆ ‘ಯಾರಿಗೆ ಹೇಳಿದ್ದು, ಅವರು ಏನು ಮಾಡಿದ್ರು’ ಅನ್ನೋದನ್ನೂ ಕೇಳ್ಬೇಕು. ಮೆಮೋದ ಕೆಳಗೆ ಪ್ರತಿ ಯಾರಿಗೆ ಹೋಗಿದೆ ಅಂತ ಇರತ್ತಲ್ಲ, ಮಾರ್ಜಿನ್‌ನಲ್ಲಿ ಪೆನ್ನಲ್ಲಿ ಗೀಚಿದ ಇನಿಷಿಯಲ್ ಇರತ್ತಲ್ಲ, ಟೈಪ್ ಆದ ಒಕ್ಕಣೆಯಷ್ಟೇ ಗಮನ ಅದಕ್ಕೂ ಕೊಡ್ಬೇಕು.

ಇಲ್ಲಿವರೆಗೂ ಹೇಳಿದ್ದು ದೊಡ್ಡ ಹುದ್ದೆಯೋರ ಕಥೆ, ಅವರಿಗೆ ಉತ್ತರ ಕೊಡೋಕೆ ವೇದಿಕೆ ಇತ್ತು. ನನ್ನ ಮನಸ್ಸನ್ನ ಹೆಚ್ಚು ಕಾಡೋದು ಹೆಸರೇ ಹೊರಗೆ ಬರದೆ ಹೋದೋರು. 1947ರಲ್ಲಿ ಟ್ರೂಮನ್ ಸರ್ಕಾರಿ ನೌಕರರ ನಿಷ್ಠೆ ಪರೀಕ್ಷೆ ತಂದ್ರು, 1953ರಲ್ಲಿ ಐಸನ್‌ಹೋವರ್ 10450ನೇ ಆದೇಶದಲ್ಲಿ ಅದನ್ನ ಇನ್ನೂ ಬಿಗಿ ಮಾಡಿ ಕುಡಿತ, ನಡತೆ, ಸಲಿಂಗ ಸಂಬಂಧ ಎಲ್ಲಾ ಸೇರಿಸಿದ್ರು, ಸಾವಿರಾರು ಜನ ಕೆಲಸ ಕಳ್ಕೊಂಡ್ರು. ಆ ಕಾಲದ ಎಫ್‌ಬಿಐ ಸಾರಾಂಶಗಳಲ್ಲಿ ಮಾಹಿತಿ ಕೊಟ್ಟೋರ ಹೆಸರಿರಲ್ಲ, ಟಿ-1, ಟಿ-2 ಅಂತ ಗುರುತು ಅಷ್ಟೇ, ಪಕ್ಕದಲ್ಲಿ ‘ನಂಬಿಕಸ್ತ’ ಅಂತ ಒಂದು ಮಾತು. ಟಿ-1 ಕಣ್ಣಾರೆ ನೋಡಿದ್ರೋ, ಯಾರೋ ಹೇಳಿದ್ದು ಕೇಳಿದ್ರೋ, ಹಳೇ ಜಗಳ ಏನಾದ್ರೂ ಇತ್ತೋ ಅಂತ ಕಾಗದ ಹೇಳಲ್ಲ. ಆರೋಪ ಹೊತ್ತೋರಿಗೆ ಎಷ್ಟೋ ಸಲ ಎದುರಿಗಿರೋ ವ್ಯಕ್ತಿ ಯಾರು ಅಂತಲೇ ಗೊತ್ತಾಗ್ತಿರಲಿಲ್ಲ. ಇಂಥದ್ದು ಓದೋವಾಗ ಹೊಟ್ಟೆಲಿ ಸಂಕಟ ಆಗತ್ತೆ, ಯಾರದೋ ಮನೆ ಅನ್ನ ಹೋಗಿದೆ ಈ ಒಂದು ಪ್ಯಾರಾದಿಂದ.

ಅದಕ್ಕೆ ನಾನು ಒಂದು ನಿಯಮ ಇಟ್ಕೊಂಡಿದೀನಿ, ಕ್ಲೈಂಟಿಗೂ ಮೊದಲೇ ಹೇಳ್ತೀನಿ. ಗುರುತಿಲ್ಲದ ಮೂಲದಿಂದ ಬಂದ ಖಾಸಗಿ ಆರೋಪನ ಹೆಸರು ಸಮೇತ ನೋಟ್ಸ್‌ಗೆ ಹಾಕಲ್ಲ. ಡಬ್ಬದ ನಂಬರ್, ಫೋಲ್ಡರ್ ಹೆಸರು, ಯಾವ ಬಗೆ ಆರೋಪ, ಮೂಲ ಏನು, ಆಮೇಲೆ ಯಾರಾದ್ರೂ ಪರೀಕ್ಷೆ ಮಾಡಿದ್ರಾ, ಇಷ್ಟು ಬರೀತೀನಿ. ಒಬ್ಬ ಕ್ಲೈಂಟ್ ಒಮ್ಮೆ ಹೆಸರಿರೋ ಆ ಒಂದು ಸಾಲು ಮಾತ್ರ ಸಾಕು ಅಂತ ಒತ್ತಾಯ ಮಾಡಿದ್ರು, ನಾನು ಪೂರ್ತಿ ಫೋಲ್ಡರಿನ ಸಂದರ್ಭ ಇಲ್ಲದೆ ಕೊಡಲ್ಲ ಅಂದೆ, ಅವರು ಬೇರೆಯವರನ್ನ ನೋಡ್ಕೊಂಡ್ರು. ಆ ತೀರ್ಮಾನದ ಬಗ್ಗೆ ನನಗೆ ಇವತ್ತಿಗೂ ಸಮಾಧಾನ ಇದೆ.

ಅವಸರದ ಬಗ್ಗೆ ಒಂದು ಮಾತು. 2005ರಲ್ಲಿ ಸುಪ್ರೀಂ ಕೋರ್ಟಿಗೆ ಜಾನ್ ರಾಬರ್ಟ್ಸ್ ಹೆಸರು ಬಂದಾಗ ಅವರು 1982ರಿಂದ 1986ರವರೆಗೆ ಕೌನ್ಸೆಲ್ ಆಫೀಸಲ್ಲಿ ಫ್ರೆಡ್ ಫೀಲ್ಡಿಂಗ್ ಕೈಕೆಳಗೆ ಬರೆದ ಮೆಮೋಗಳನ್ನೆಲ್ಲಾ ಸಿಮಿ ವ್ಯಾಲಿಲಿರೋ ರೇಗನ್ ಲೈಬ್ರರಿ ತರಾತುರಿಲಿ ತೆಗೀಬೇಕಾಯ್ತು, ಅದೇ ಸಮಯದಲ್ಲಿ ಒಂದು ಫೋಲ್ಡರ್ ಕಾಣೆ ಆಗಿ ತನಿಖೆ ನಡೆದ್ರೂ ಸಿಗಲೇ ಇಲ್ಲ. 2018ರಲ್ಲಿ ಬ್ರೆಟ್ ಕ್ಯಾವನಾ ಅವರನ್ನ ಸುಪ್ರೀಂ ಕೋರ್ಟಿಗೆ ಹೆಸರಿಸಿದಾಗ ಅವರ ಹಳೇ ಕಾಗದ ತೆಗೆಯೋಕೆ ನ್ಯಾಷನಲ್ ಆರ್ಕೈವ್ಸ್ ಅಕ್ಟೋಬರ್ ಕೊನೆ ತನಕ ಟೈಮ್ ಬೇಕು ಅಂದಿತ್ತು, ಸೆನೆಟ್ ಅಕ್ಟೋಬರ್ 6ಕ್ಕೇ ಓಟ್ ಹಾಕಿ ಮುಗಿಸ್ತು. ಒಂದೊಂದು ಪುಟನೂ ಕಣ್ಣಿಟ್ಟು ಓದಿ ಯಾರ ಖಾಸಗಿ ವಿಷಯ ಇದೆ ಅಂತ ನೋಡಿ ಬಿಡೋ ಆರ್ಕಿವಿಸ್ಟ್‌ಗಳ ಕೆಲಸ ಎಷ್ಟು ನಿಧಾನದ್ದು, ಎಷ್ಟು ಜವಾಬ್ದಾರಿದ್ದು ಅಂತ ಹೊರಗಿನೋರಿಗೆ ಗೊತ್ತಾಗಲ್ಲ. ರೀಡಿಂಗ್ ರೂಮಲ್ಲಿ ಪೆನ್ಸಿಲ್ ಮಾತ್ರ, ಮೇಜಿನ ಮೇಲೆ ಒಂದೇ ಡಬ್ಬ, ಕೈಲಿ ಒಂದೇ ಫೋಲ್ಡರ್ ಅಂತ ನಿಯಮ ಇರೋದು ಇದಕ್ಕೇ, ದಯವಿಟ್ಟು ಗೊಣಗಬೇಡಿ.

ಈ ಕೆಲಸಕ್ಕೆ ಬರೋ ಯೋಚನೆ ಇದ್ರೆ ಹೋಗೋಕೆ ಮುಂಚೆ ಲೈಬ್ರರಿಯ ಫೈಂಡಿಂಗ್ ಏಡ್ (ಯಾವ ಡಬ್ಬದಲ್ಲಿ ಏನಿದೆ ಅನ್ನೋ ಪಟ್ಟಿ) ಪೂರ್ತಿ ಓದಿ, ಯಾವ ಆಫೀಸಿನ ಫೈಲ್ ಬೇಕು, ಯಾವ ತಿಂಗಳದ್ದು ಅಂತ ಆರ್ಕಿವಿಸ್ಟ್‌ಗೆ ಮೊದಲೇ ಮೇಲ್ ಮಾಡಿ. ಅಭ್ಯರ್ಥಿ ಹೆಸರಲ್ಲಿ ಹುಡುಕಿ ಅಷ್ಟಕ್ಕೇ ಬಿಡಬೇಡಿ, ಮೆಮೋ ಬರೆದೋರ ಹೆಸರಲ್ಲೂ, ಪ್ರತಿ ಹೋದೋರ ಹೆಸರಲ್ಲೂ ಕೇಳಿ, ಒಂದೇ ಮೆಮೋದ ಇನ್ನೊಂದು ಪ್ರತಿ ಬೇರೆ ಡಬ್ಬದಲ್ಲಿ ಇರತ್ತೆ, ಅದರ ಮಾರ್ಜಿನ್‌ನಲ್ಲಿ ಬೇರೆಯವರ ಕೈಬರಹ ಇರಬಹುದು.